ಸೀಟು ಎರಡು ಬೆರಳು ಮೇಲೆ

ಡಿಸೆಂಬರ್ ರಜೆಯಲ್ಲಿ ನಾನೂ ಮಗಳೂ ಕಾರವಾರದಿಂದ ಮಂಗಳೂರಿಗೆ ಸೈಕಲ್ಲಿನಲ್ಲಿ ಹೊರಟಿದ್ದೇವೆ. ಸುಮಾರು 270 ಕಿ.ಮೀ., ಐದು ದಿನ. ನಿನ್ನೆ ಅವಳ ಸೀಟು ಸರಿಮಾಡಲು ಕೂತೆ. ಪೆಡಲ್ ಪೂರ್ತಿ ಕೆಳಗಿದ್ದಾಗ ಹಿಮ್ಮಡಿ ಊರಿದರೆ ಮೊಣಕಾಲು ನೆಟ್ಟಗಾಗಬೇಕು. ಜೂನಿನಲ್ಲಿ ಹೊಂದಿಸಿದ್ದು ಸಾಲಲಿಲ್ಲ, ಎರಡು ಬೆರಳಷ್ಟು ಎತ್ತಬೇಕಾಯಿತು. ಇಷ್ಟು ಬೇಗ ಇಷ್ಟು ಬೆಳೆದಿದ್ದಾಳೆ, ನಾನು ಗಮನಿಸಿಯೇ ಇರಲಿಲ್ಲ.

ಪಂಕ್ಚರ್ ಹಾಕುವುದನ್ನೂ ಕಲಿಸಿದೆ. ಟ್ಯೂಬನ್ನು ಬಕೆಟ್ ನೀರಲ್ಲಿ ಅದ್ದಿ ಗುಳ್ಳೆ ಹುಡುಕು, ಒರೆಸಿ ಉಜ್ಜು, ಸೊಲ್ಯೂಷನ್ ಹಚ್ಚಿ ಒಣಗುವ ತನಕ ಕಾಯಿ, ಆಮೇಲೆ ಪ್ಯಾಚ್. ಆ ಕಾಯುವುದೇ ಅವಳಿಗೆ ಕಷ್ಟ. ಮೂರನೇ ಸಲಕ್ಕೆ ಗಾಳಿ ನಿಂತಿತು!

ದಿನಕ್ಕೆ ಎಷ್ಟು ದೂರ, ಎಲ್ಲಿ ತಂಗುವುದು ಎಂಬುದನ್ನು ಅವಳಿಗೇ ಬಿಟ್ಟಿದ್ದೇನೆ. ಹೊನ್ನಾವರದ ಶರಾವತಿ ದಡದಲ್ಲಿ ಒಂದು ರಾತ್ರಿ. ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ಇರುವ ಮರವಂತೆಯಲ್ಲಿ ಇಡೀ ಸಂಜೆ ಎಂದು ಬರೆದಿಟ್ಟಿದ್ದಾಳೆ. ಅವಳ ಲೆಕ್ಕ ನನ್ನದಕ್ಕಿಂತ ಚೆನ್ನಾಗಿದೆ.

ನನಗಿರುವ ಭಯ ಒಂದೇ, ರಾಷ್ಟ್ರೀಯ ಹೆದ್ದಾರಿ 66ರ ಲಾರಿ, ಬಸ್ಸುಗಳದ್ದು. ಆ ದಾರಿಯಲ್ಲಿ ಗಾಡಿ ಓಡಿಸುವವರೇ, ಸೈಕಲ್ಲನ್ನು ಹಿಂದಿಕ್ಕುವಾಗ ದಯವಿಟ್ಟು ಒಂದೂವರೆ ಮೀಟರ್ ಜಾಗ ಬಿಡಿ.