ದಕ್ಷಿಣೆಯ ಪಾಲು

ಪುತ್ತೂರಿನಲ್ಲಿ ನಾನು ಸಂಸ್ಕೃತೋಪಾಧ್ಯಾಯನಾಗಿದ್ದಾಗ, ಮಕ್ಕಳು ಕಂಠಪಾಠದಲ್ಲಿ ಗೆದ್ದುದಕ್ಕೆ ಊರವರು ನನಗೆ ಶಾಲು ಹೊದಿಸಿದರು. ಸಂಜೆಸಂಜೆಯೂ ಅವರ ಉಚ್ಚಾರವನ್ನು ತಿದ್ದಿದ ಸಹೋದ್ಯೋಗಿಗಳು ಹಿಂದಿನ ಸಾಲಿನಲ್ಲಿದ್ದರು. ನಾನು ಅವರ ಹೆಸರನ್ನೆತ್ತಲಿಲ್ಲ.

2018ರಲ್ಲಿ ಭಾರತದ ಕಿರಿಯರು ಕ್ರಿಕೆಟ್ ವಿಶ್ವಕಪ್ಪನ್ನು ಗೆದ್ದಾಗ, ತರಬೇತುದಾರರಾದ ಬೆಂಗಳೂರಿನ ರಾಹುಲ್ ದ್ರಾವಿಡರಿಗೆ 50 ಲಕ್ಷ, ಸಹಾಯಕರಿಗೆ ತಲಾ 20 ಲಕ್ಷ ರೂಪಾಯಿ ಘೋಷಿತವಾಯಿತು. ದ್ರಾವಿಡರು ಈ ತಾರತಮ್ಯವನ್ನು ಒಪ್ಪಲಿಲ್ಲ. ಕಡೆಗೆ ಎಲ್ಲರಿಗೂ 25 ಲಕ್ಷವೆಂದು ನಿಶ್ಚಯವಾಯಿತು. 2015ರಿಂದ ಕಿರಿಯರನ್ನು ತಿದ್ದಿ, 2021ರಿಂದ ಹಿರಿಯರ ತಂಡವನ್ನು ನಡೆಸಿ, 2024ರಲ್ಲಿ ಟಿ-20 ವಿಶ್ವಕಪ್ಪಿನೊಡನೆ ಆ ಹೊಣೆಯನ್ನಿಳಿಸಿದ ಗುರುವಿನ ಗೆಲವುಗಳಿಗಿಂತ ಇದೇ ನನಗೆ ಹಿರಿದಾಗಿ ತೋರಿತು.

ಮೊನ್ನೆ ಆ ಶಾಲನ್ನು ಕೊಂಡು ಕಡಬಕ್ಕೆ, ಆ ಮಿತ್ರರ ಮನೆಗೆ ಹೋದೆನು. “ಪಂಡಿತರೇ, ಚಳಿ ಕಳೆದ ಮೇಲೆ ತಂದಿರಲ್ಲ!” ಎಂದು ನಕ್ಕರು. ಆದರೂ ಶಾಲನ್ನು ಮಡಿಚಿ ಒಳಗಿಟ್ಟರು.