ಬೆರಳು ಅನುಮಾನಿಸುವ ಜಾಗ

ಎಟಿಎಂ ಸಾಲಿನಲ್ಲಿ ನಿಂತಾಗ ಮುಂದಿನವರ ಬೆನ್ನು ನೋಡುವುದು ಸಭ್ಯರ ಲಕ್ಷಣ. ನನಗೆ ಬೆರಳು ನೋಡುವ ಚಟ. ಪಿನ್ ಒತ್ತುವಾಗ ಮಾತ್ರ ಮುಖ ಆಚೆ ತಿರುಗಿಸುತ್ತೇನೆ. ಅದು ಮುಗಿದ ಮೇಲೆ ಬೆರಳು ಎಲ್ಲಿ ತಡೆಯಿತು, ಯಾವ ಗುಂಡಿಯ ಹತ್ತಿರ ಹೋಗಿ ವಾಪಸು ಬಂತು ಎಂದು ನೋಡದಿದ್ದರೆ ಸಮಾಧಾನವಿಲ್ಲ. ಟಿಕೆಟ್ ಯಂತ್ರದ ಮೇಲೆ ಕಣ್ಣುಮುಚ್ಚಿ ಬೆರಳಾಡಿಸುವ ಕಂಡಕ್ಟರ್, ಮೆಟ್ರೋ ಗೇಟಿನಲ್ಲಿ ಕಾರ್ಡನ್ನು ಎಲ್ಲಿ ತಾಗಿಸಬೇಕೆಂದು ಹುಡುಕುವ ಅಜ್ಜ, ಓಡಿಬರುವವರಿಗಾಗಿ ಲಿಫ್ಟಿನ ಬಾಗಿಲು ಹಿಡಿಯಲು ಹೋಗಿ ಮುಚ್ಚುವ ಗುಂಡಿಯನ್ನೇ ಒತ್ತಿಬಿಡುವ ಉಪಕಾರಿ: ಇವರೆಲ್ಲ ನನಗೆ ಪುಕ್ಕಟೆ ಮನರಂಜನೆ.

ಈ ಚಟಕ್ಕೆ ಸಂಬಳ ಕೊಡುವ ಕಸುಬೊಂದಿದೆ. ಯೂಸರ್ ಎಕ್ಸ್‌ಪೀರಿಯನ್ಸ್ ಡಿಸೈನ್, ಚಿಕ್ಕದಾಗಿ ಯುಎಕ್ಸ್. ಮದುವೆ ಊಟದ ಪಂಕ್ತಿಯಲ್ಲಿ ಯಾರಾದರೂ "ಏನು ಕೆಲಸ?" ಎಂದು ಕೇಳಿ, ನಾನು ವಿವರಿಸಿ, ಅವರು "ಓ, ಆ್ಯಪಿಗೆ ಬಣ್ಣ ಗಿಣ್ಣ ಹಚ್ಚೋದಾ?" ಅನ್ನುವಷ್ಟರಲ್ಲಿ ಎಲೆಗೆ ಹೋಳಿಗೆ ಬಂದಿರುತ್ತದೆ. ಮಾತು ಅಲ್ಲಿಗೇ ಮುಗಿಯುತ್ತದೆ. ಬಣ್ಣವೂ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಈ ಕಸುಬಿನ ರುಚಿಯೆಲ್ಲ ಇರುವುದು ಇನ್ನೊಬ್ಬರ ಪಕ್ಕ ಬಾಯಿ ಮುಚ್ಚಿಕೊಂಡು ಕೂರುವುದರಲ್ಲಿ.

ವಿಧಾನ ಸರಳ. ಆ್ಯಪ್ ಬಳಸುವವರೊಬ್ಬರನ್ನು ಕರೆದು "ಈ ತಿಂಗಳ ಕರೆಂಟ್ ಬಿಲ್ ಕಟ್ಟಿ" ಎಂಬಂಥ ಒಂದು ಕೆಲಸ ಕೊಡುವುದು. ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾ ಹೋಗಿ ಎಂದು ಕೋರುವುದು. ಮನಶ್ಶಾಸ್ತ್ರಜ್ಞರ ಈ ಹಳೆಯ ಉಪಾಯವನ್ನು ಐಬಿಎಮ್‌ನ ಕ್ಲೇಟನ್ ಲೂಯಿಸ್ 1982ರಲ್ಲಿ ಕಂಪ್ಯೂಟರಿನ ಪರೀಕ್ಷೆಗೆ ತಂದರು. ಆಮೇಲೆ ನಾವು ಸುಮ್ಮನಿರಬೇಕು. ಕಣ್ಣೆದುರಿಗೇ ಇರುವ ಗುಂಡಿ ಬಿಟ್ಟು ಅವರು ಊರೆಲ್ಲ ಸುತ್ತುವಾಗ "ಅಲ್ಲೇ ಇದೆಯಲ್ಲ, ಬಲಗಡೆ" ಎಂಬ ಮಾತು ಗಂಟಲವರೆಗೆ ಬಂದಿರುತ್ತದೆ. ನುಂಗಿಕೊಳ್ಳಬೇಕು. ಹಾಗೆ ನುಂಗಿಕೊಂಡ ಅರೆನಿಮಿಷದಲ್ಲಿ ಅವರೇ ಹೇಳುತ್ತಾರೆ: "ಇದನ್ನ ಒತ್ತಿದ ತಕ್ಷಣ ದುಡ್ಡು ಹೋಗಿಬಿಡುತ್ತೇನೋ ಅಂತ ಭಯ." ಅಂದರೆ ಗುಂಡಿ ಕಾಣಲಿಲ್ಲವೆಂದಲ್ಲ, ಕಂಡಿದ್ದಕ್ಕೇ ಹೆದರಿದ್ದು. ಅದನ್ನು ಇನ್ನಷ್ಟು ದೊಡ್ಡದು ಮಾಡಿದರೆ ಭಯವೂ ದೊಡ್ಡದಾಗುತ್ತದೆ. ಅಲ್ಲಿ ಬೇಕಾಗಿದ್ದದ್ದು ಒಂದೇ ಸಾಲು: 'ಕಟ್ಟುವ ಮೊದಲು ಮೊತ್ತ ಇನ್ನೊಮ್ಮೆ ತೋರಿಸುತ್ತೇವೆ.' ನಾನು ಬಾಯಿ ಹಾಕಿದ್ದರೆ ಬಿಲ್ ಬೇಗ ಕಟ್ಟಿಯಾಗುತ್ತಿತ್ತು, ಈ ಸಾಲು ಮಾತ್ರ ಹುಟ್ಟುತ್ತಿರಲಿಲ್ಲ.

ಹೀಗೆ ಕೂತಾಗ ಎಲ್ಲರ ಬಾಯಲ್ಲೂ ಬರುವ ಮಾತೊಂದಿದೆ: "ನನಗೆ ಇವೆಲ್ಲ ಬರಲ್ಲಪ್ಪ." ತಪ್ಪು ವಸ್ತುವಿನದು, ತಲೆ ತಗ್ಗಿಸುವವರು ಮನುಷ್ಯರು. ಡಾನ್ ನಾರ್ಮನ್ 1988ರಲ್ಲಿ ಬರೆದ, ನಿತ್ಯಬಳಕೆಯ ವಸ್ತುಗಳ ಬಗೆಗಿನ ಪುಸ್ತಕದಲ್ಲಿ ಹಿಡಿದ ಎಳೆಯೇ ಇದು. ಅದಕ್ಕೂ ಹಿಂದೆ, ಎರಡನೆಯ ಮಹಾಯುದ್ಧದ ಕಾಲದಲ್ಲಿ, ಅಮೆರಿಕದ ಬಿ-17 ಬಾಂಬರ್ ನೆಲಕ್ಕಿಳಿದ ಮೇಲೆ ಪೈಲಟ್‌ಗಳು ರೆಕ್ಕೆಯ ಫ್ಲ್ಯಾಪ್ ಎಳೆಯಲು ಹೋಗಿ ಚಕ್ರಗಳನ್ನೇ ಮಡಚಿಬಿಡುತ್ತಿದ್ದರು. ಪೈಲಟ್ ತಪ್ಪು ಎಂದು ದಾಖಲಾಗುತ್ತಿತ್ತು. ಆಲ್ಫಾನ್ಸ್ ಚಪಾನಿಸ್ ಎಂಬ ಮನಶ್ಶಾಸ್ತ್ರಜ್ಞರು ಕಾಕ್‌ಪಿಟ್ ನೋಡಿದರೆ ಎರಡೂ ಹಿಡಿಗಳು ಅಕ್ಕಪಕ್ಕ, ತದ್ರೂಪು. ಅವರು ಪೈಲಟ್‌ಗಳಿಗೆ ಬುದ್ಧಿ ಹೇಳುವ ಗೋಜಿಗೆ ಹೋಗಲಿಲ್ಲ. ಚಕ್ರದ ಹಿಡಿಗೆ ಪುಟ್ಟ ರಬ್ಬರ್ ಚಕ್ರವನ್ನೂ ಫ್ಲ್ಯಾಪಿನ ಹಿಡಿಗೆ ಬೆಣೆಯಾಕಾರದ ತುಂಡನ್ನೂ ಕೂರಿಸಿದರು. ಕಣ್ಣು ರನ್‌ವೇ ಮೇಲಿದ್ದರೂ ಕೈಗೆ ಗೊತ್ತಾಗುತ್ತಿತ್ತು. ನನ್ನ ಕಸುಬಿಗೊಬ್ಬ ಕುಲದೇವರು ಬೇಕೆಂದರೆ ಆ ರಬ್ಬರ್ ಚಕ್ರಕ್ಕೇ ಕೈ ಮುಗಿದೇನು.

ನಮ್ಮ ಕಡೆ ಇನ್ನೊಂದು ತೊಡಕು ಸೌಜನ್ಯದ್ದು. ಪರೀಕ್ಷೆ ಮುಗಿಸಿ "ಹೇಗಿತ್ತು?" ಎಂದರೆ "ಚೆನ್ನಾಗಿದೆ ಸಾರ್" ಎಂಬ ಉತ್ತರ ಖಾತ್ರಿ. ಉಣಬಡಿಸಿದ ಮನೆಯಾಕೆಗೆ ಸಾರಿಗೆ ಉಪ್ಪು ಜಾಸ್ತಿ ಎಂದು ಯಾವ ನೆಂಟ ಹೇಳುತ್ತಾನೆ? ಈ ಗಂಟನ್ನು ಬಿಚ್ಚಲು ಅಪಲಾ ಲಾಹಿರಿ ಚವಾಣ್ ಹೂಡಿದ ಉಪಾಯ ನನಗೆ ಅಚ್ಚುಮೆಚ್ಚು. ಅದರ ಹೆಸರೇ ಬಾಲಿವುಡ್ ವಿಧಾನ. 'ವಿಮಾನದ ಟಿಕೆಟ್ ಬುಕ್ ಮಾಡಿ' ಎಂದು ಸಪ್ಪೆಯಾಗಿ ಹೇಳುವ ಬದಲು ಒಂದು ಕಥೆ ಕಟ್ಟುವುದು. ನಿಮ್ಮ ಮುಗ್ಧ ಸೋದರಸೊಸೆಗೆ ಮದುವೆ ಗೊತ್ತಾಗಿದೆ. ಅಷ್ಟರಲ್ಲಿ ಸುದ್ದಿ ಬರುತ್ತದೆ, ವರ ಭೂಗತ ಲೋಕದ ಕೊಲೆಗಾರ. ಸಾಲದ್ದಕ್ಕೆ ಆಗಲೇ ಮದುವೆಯಾದವನು! ಆ ಹೆಂಡತಿಯನ್ನು ಕರೆದುಕೊಂಡು ನೀವು ತುರ್ತಾಗಿ ಬೆಂಗಳೂರಿಗೆ ಹಾರಬೇಕು, ಟಿಕೆಟ್ ಮಾಡಿ! ಕಥೆಯೊಳಗೆ ಹೊಕ್ಕವರಿಗೆ ಸಂಕೋಚ ನೆನಪಾಗುವುದಿಲ್ಲ. ಸೊಸೆಯ ಬಾಳು ತೂಗುಯ್ಯಾಲೆಯಲ್ಲಿರುವಾಗ ದಿನಾಂಕದ ಪಟ್ಟಿ ತೆರೆದುಕೊಳ್ಳದಿದ್ದರೆ ಎಂಥ ನೆಂಟನಾದರೂ ಬೈಯುತ್ತಾನೆ. ನಮಗೆ ಬೇಕಾಗಿದ್ದದ್ದೂ ಆ ಬೈಗುಳವೇ.

ಇಷ್ಟೆಲ್ಲ ಕೇಳಿದವರು ದುಬಾರಿ ಯಂತ್ರಗಳಿರಬೇಕು ಎಂದುಕೊಳ್ಳುತ್ತಾರೆ. ನನ್ನ ಬ್ಯಾಗಿನಲ್ಲಿರುವುದು ಕತ್ತರಿ, ಸ್ಕೆಚ್ ಪೆನ್ನು, ಕಾಗದ. ಹಾಳೆಯ ಮೇಲೆ ಪರದೆಗಳನ್ನು ಬರೆದು, ಎದುರಿನವರು ಕಾಗದದ ಗುಂಡಿ ಒತ್ತಿದ ಕೂಡಲೇ ಮುಂದಿನ ಹಾಳೆ ಸರಿಸುತ್ತೇನೆ. ಹಾಳೆ ಸಿಗದಿದ್ದರೆ ಗಂಭೀರವಾಗಿ "ಲೋಡ್ ಆಗ್ತಿದೆ" ಅನ್ನುತ್ತೇನೆ. 1996ರಲ್ಲಿ ಬಂದ ಪಾಮ್ ಪೈಲಟ್ ಎಂಬ ಅಂಗೈ ಕಂಪ್ಯೂಟರಿನ ಜನಕ ಜೆಫ್ ಹಾಕಿನ್ಸ್, ಅದು ತಯಾರಾಗುವ ಮೊದಲು ಅದೇ ಅಳತೆಯ ಮರದ ತುಂಡನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದರು. ಯಾರಾದರೂ ಭೇಟಿಗೆ ಬಿಡುವಿದೆಯೇ ಎಂದು ಕೇಳಿದರೆ ಮರದ ತುಂಡು ತೆಗೆದು, ಕಡ್ಡಿಯಿಂದ ಅದರ ಮೇಲೆ ಬರೆದಂತೆ ಮಾಡುವುದು! ಐಬಿಎಮ್‌ನ ಜಾನ್ ಗೌಲ್ಡ್ ಮತ್ತು ಸಂಗಡಿಗರು ಇನ್ನೂ ಒಂದು ಕೈ ಮೇಲೆ. 1980ರ ದಶಕದ ಆರಂಭದಲ್ಲಿ, ಹೇಳಿದ್ದನ್ನು ಬರೆದುಕೊಳ್ಳುವ ಟೈಪ್‌ರೈಟರ್ ಜನರಿಗೆ ಹಿಡಿಸೀತೇ ಎಂದು ತಿಳಿಯಲು, ಬೇರೆ ಕೋಣೆಯಲ್ಲಿ ಬೆರಳಚ್ಚುಗಾರರನ್ನು ಅಡಗಿಸಿ ಕೂರಿಸಿದರು. ಯಂತ್ರ ಹುಟ್ಟುವ ಮೊದಲೇ ಅದರ ಜಾತಕ ಸಿದ್ಧ.

ಎಲ್ಲಕ್ಕಿಂತ ಹೆಚ್ಚು ಖುಷಿ ಕೊಡುವುದು ಚೀಟಿ ವಿಂಗಡಿಸುವ ಆಟ. ದಿನಸಿ ಆ್ಯಪ್ ಒಂದಕ್ಕೆ ಸಾಮಾನುಗಳ ಹೆಸರು ಬರೆದ ಚೀಟಿಗಳನ್ನು ಮೇಜಿನ ಮೇಲೆ ಹರಡಿ, ನಿಮಗೆ ತೋಚಿದಂತೆ ಗುಂಪು ಮಾಡಿ ಎಂದಿದ್ದೆವು. ನಮ್ಮ ತಂಡದ ಲೆಕ್ಕ ಶಿಸ್ತಿನದು: ಬೇಳೆಕಾಳು, ಎಣ್ಣೆಕಾಳು, ಸಿಹಿ. ಒಬ್ಬ ಗೃಹಿಣಿ ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಕಾಯಿಬೀಜ, ಹುರಿಗಡಲೆ ಐದನ್ನೂ ಒಂದೇ ಕಡೆ ಜೋಡಿಸಿ, ಇದನ್ನೂ ಕೇಳಬೇಕೆ ಎಂಬಂತೆ ನೋಡಿದರು. ಸಂಕ್ರಾಂತಿ! ಯಾವ ಗೋದಾಮಿನ ಕಪಾಟಿನಲ್ಲೂ ಇಲ್ಲದ ವಿಭಾಗ ಅವರ ತಲೆಯಲ್ಲಿ ಎಷ್ಟೋ ವರ್ಷದಿಂದ ಇತ್ತು. ಅಂಗಡಿಯವನು ಸಾಮಾನನ್ನು ಜೋಡಿಸುವ ರೀತಿಯೇ ಬೇರೆ, ಕೊಳ್ಳುವವಳು ನೆನೆಸಿಕೊಳ್ಳುವ ರೀತಿಯೇ ಬೇರೆ.

ಇದಕ್ಕೆಲ್ಲ ಜನಸಾಗರವೇನೂ ಬೇಡ. ಒಬ್ಬೊಬ್ಬರೂ ಸರಾಸರಿ ನೂರಕ್ಕೆ 31 ತೊಡಕುಗಳನ್ನು ಬಯಲಿಗೆ ತರುತ್ತಾರೆ, ಐದು ಜನರಾದರೆ ಸುಮಾರು 85 ಸಿಕ್ಕಿಬಿಡುತ್ತವೆ ಎಂಬ ಲೆಕ್ಕ 1993ರಲ್ಲಿ ಜೇಕಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡಾಯರ್ ಮಾಡಿದ ಅಧ್ಯಯನದಿಂದ ಬಂದದ್ದು. ಇದರ ಮೇಲೆ ತಕರಾರುಗಳಿವೆ; ಐವರೂ ಒಂದೇ ಆಫೀಸಿನ ಇಂಜಿನಿಯರ್‌ಗಳಾದರೆ ಸಂಕ್ರಾಂತಿ ಹೇಗೆ ಸಿಕ್ಕೀತು? ಆದರೂ ಮೂರನೆಯವರ ಬೆರಳೂ ಅದೇ ಜಾಗಕ್ಕೆ ಬಂದು ಅನುಮಾನಿಸಿದಾಗ ಆಗುವ ಪುಳಕಕ್ಕೆ ಲೆಕ್ಕದ ಹಂಗಿಲ್ಲ.

ಈ ಚಟದ ಪೆಟ್ಟು ತಿನ್ನುವವರು ಮನೆಯವರು. "ಈ ಫೋಟೋ ಗ್ರೂಪಿಗೆ ಹೇಗೆ ಕಳಿಸೋದು ಹೇಳೋ" ಎಂದು ದೊಡ್ಡಮ್ಮ ಫೋನ್ ಹಿಡಿದು ಬಂದರೆ ನನ್ನ ಬಾಯಿಂದ ಬರುವುದು, "ಎಲ್ಲಿ ಒತ್ತಬೇಕು ಅನ್ನಿಸ್ತು ದೊಡ್ಡಮ್ಮ?"

"ಅದು ಗೊತ್ತಿದ್ದಿದ್ರೆ ನಿನ್ನನ್ಯಾಕೆ ಕೇಳ್ತಿದ್ದೆ?"

ನಾನು ಸುಮ್ಮನೆ ಕಾಯುತ್ತೇನೆ. ಅವರು ಗೊಣಗುತ್ತಾರೆ: "ಇಲ್ಲಿ ಹೇರ್‌ಪಿನ್ ಚಿತ್ರ ಬೇರೆ ಯಾಕೆ ಹಾಕಿದಾರೋ." ಆಮೇಲೆ ಮಹಡಿ ಮನೆಯ ಹುಡುಗನನ್ನು ಕೂಗುತ್ತಾರೆ. ಅವನು ಬಂದು ಆ ಪೇಪರ್ ಕ್ಲಿಪ್ ಒತ್ತಿ, ಫೋಟೋ ಕಳಿಸಿ, ಎರಡು ಕೋಡುಬಳೆ ಗಿಟ್ಟಿಸಿ ಹೋಗುತ್ತಾನೆ. ನನಗೆ ಗಿಟ್ಟಿದ್ದು ಹೇರ್‌ಪಿನ್. ಲಾಭ ನನ್ನದೇ ಎಂದರೆ ಮನೆಯಲ್ಲಿ ಒಬ್ಬರೂ ಒಪ್ಪುವುದಿಲ್ಲ.