ಇಂಗ್ಲೆಂಡ್ ಮಾಲು

“ಸಾರ್, ಇದು ಇಂಗ್ಲೆಂಡ್ ಮಾಲು” ಎಂದ ಗುಜರಿಯವನು. ಹೇಳುವಾಗ ಅವನ ಕಣ್ಣು ನನ್ನ ಮುಖದ ಮೇಲಿತ್ತು, ಮಾಲಿನ ಮೇಲಿರಲಿಲ್ಲ. ನಾನು ಅಲ್ಲೇ ಎಚ್ಚೆತ್ತುಕೊಳ್ಳಬೇಕಿತ್ತು. ಆದರೆ ಹಳೇ ಫ್ರಿಜ್ಜು, ಮುರಿದ ಸೈಕಲ್ಲುಗಳ ನಡುವೆ ಆಳೆತ್ತರಕ್ಕೆ ನಿಂತಿದ್ದ ಆ ಬ್ಯಾಂಡ್ ಸಾ, ಎಂದರೆ ಮರ ಕೊಯ್ಯುವ ಪಟ್ಟಿಗರಗಸದ ಯಂತ್ರವನ್ನು ನೋಡಿದವನಿಗೆ ಎಚ್ಚರ ಎಲ್ಲಿಂದ ಬರಬೇಕು? ಮೇಲೊಂದು ಚಕ್ರ, ಕೆಳಗೊಂದು ಚಕ್ರ, ನಡುವೆ ಬೀಡು ಕಬ್ಬಿಣದ ಮೇಜು. ಮೈತುಂಬ ಹಸಿರು ಬಣ್ಣ, ಬಣ್ಣ ಎದ್ದ ಕಡೆಯೆಲ್ಲ ತುಕ್ಕು. ಮಲೆನಾಡಿನ ಯಾವುದೋ ಸಾಮಿಲ್ಲು ಮುಚ್ಚಿದಾಗ ಬಂದದ್ದಂತೆ. ಕೆಳಗಿನ ಚಕ್ರದ ಮರೆಯಲ್ಲಿ ಕೋಳಿಯೊಂದು ಮೊಟ್ಟೆಯಿಟ್ಟು ಹೋಗಿದ್ದ ಗುರುತೂ ಇತ್ತು.

ನನಗೆ ಬೇಕಾಗಿದ್ದುದು ಈಳಿಗೆಮಣೆಗೆ ಒಂದು ಹಲಗೆ. ಮನೆಯ ಈಳಿಗೆಮಣೆ ಸೀಳುಬಿಟ್ಟು ವರ್ಷವಾಗಿತ್ತು. ಯಾವ ಆಚಾರಿಗೆ ಕೊಟ್ಟರೂ ಅರ್ಧ ಗಂಟೆಯ ಕೆಲಸ. “ನಾನೇ ಮಾಡ್ತೀನಿ” ಎಂದು ಬಾಯಿಬಿಟ್ಟಿದ್ದೆ, ಅಷ್ಟೆ. ಹೀಗೆ ಒಂದು ಹಲಗೆಯ ನೆಪದಲ್ಲಿ ಇನ್ನೂರು ಕಿಲೋ ಕಬ್ಬಿಣ ಗೂಡ್ಸ್ ಆಟೋದಲ್ಲಿ ಕೂತು ಮನೆಗೆ ಬಂತು. ನಾಲ್ಕು ಜನ, ಎರಡು ಕೊಳವೆ, ಒಂದಿಷ್ಟು ಗೋಣಿಚೀಲ ಸೇರಿ ಅದನ್ನು ಹಿತ್ತಿಲಿನ ಸೌದೆಕೊಟ್ಟಿಗೆಗೆ ಉರುಳಿಸಿದರು. ನಮ್ಮವಳು ಬಾಗಿಲಲ್ಲಿ ನಿಂತು ನೋಡಿ, “ಇದೇನ್ರೀ, ಗಾಣಾನಾ?” ಎಂದಳು.

ಬೀಡು ಕಬ್ಬಿಣವನ್ನು ಗುಜರಿಯವರು ತೂಕಕ್ಕೆ ಮಾರುತ್ತಾರೆ. ಯಂತ್ರ ಕಟ್ಟಿದವರೂ ತೂಕಕ್ಕಾಗಿಯೇ ಅದನ್ನು ಬಳಸಿದ್ದು. ಆ ಕಬ್ಬಿಣದೊಳಗೆ ಗ್ರಾಫೈಟಿನ ಸಣ್ಣ ಸಣ್ಣ ಹಕ್ಕಳೆಗಳಿರುತ್ತವೆ, ಅವು ಅದುರುವಿಕೆಯನ್ನು ನುಂಗಿಕೊಳ್ಳುತ್ತವೆ. ತಗಡಿನ ಹೊಸ ಯಂತ್ರ ಗಡಗಡ ಎನ್ನುವ ಕಡೆ ಇದು ಗುಂಯ್ ಎನ್ನುತ್ತದೆ. ಹಳೆಯದೆಲ್ಲ ಚಿನ್ನ ಎನ್ನುವ ಪೈಕಿ ನಾನಲ್ಲ. ಈ ಯಂತ್ರಕ್ಕೆ ಗರಗಸದ ಮುಂದೆ ಒಂದು ಮರೆಯಾದರೂ ಇರಲಿಲ್ಲ. ಇದರ ಕಾಲದ ಸಾಮಿಲ್ಲಿನವರ ಬೆರಳುಗಳನ್ನು ಎಣಿಸಲು ಹೋದರೆ ಲೆಕ್ಕ ತಪ್ಪುತ್ತಿತ್ತು. ಆದರೆ ಒಂದು ಮಾತು: ಇದನ್ನು ಬಿಚ್ಚಬಹುದು. ಪ್ರತಿ ಬೋಲ್ಟೂ ಕಾಣುತ್ತದೆ, ಪ್ರತಿ ಬೋಲ್ಟಿಗೂ ಸ್ಪ್ಯಾನರ್ ಹೋಗುವಷ್ಟು ಜಾಗ ಬಿಟ್ಟಿದ್ದಾರೆ. ಈಗಿನ ಮಿಕ್ಸಿಯನ್ನು ಬಿಚ್ಚಿ ನೋಡಿ, ಅದನ್ನು ಮಾಡಿದವನಿಗೆ ನಿಮ್ಮ ಮೇಲೆ ಎಷ್ಟು ಅನುಮಾನವಿತ್ತು ಎಂದು ಗೊತ್ತಾಗುತ್ತದೆ.

ಬಿಚ್ಚಬಹುದು ಎಂದೆನಲ್ಲ, ಬಿಚ್ಚಲು ಮೂರು ದಿನ ಹಿಡಿಯಿತು. ನನ್ನ ಮಿಲಿಮೀಟರ್ ಸ್ಪ್ಯಾನರುಗಳು ಒಂದೋ ದೊಗಳೆ, ಇಲ್ಲವೇ ಕೂರುವುದೇ ಇಲ್ಲ. ನಟ್ಟುಗಳೆಲ್ಲ ವಿಟ್‌ವರ್ತ್ ಅಳತೆಯವು. 1841ರಲ್ಲಿ ಜೋಸೆಫ್ ವಿಟ್‌ವರ್ತ್ ಎಂಬ ಇಂಗ್ಲೆಂಡಿನ ಎಂಜಿನಿಯರು ಸ್ಕ್ರೂ ಎಳೆಗಳಿಗೆಲ್ಲ ಒಂದೇ ಅಳತೆ ಇರಲಿ ಎಂದು ಕಟ್ಟು ಮಾಡಿದ. ಅವನ ಎಳೆಯ ಕೋನ 55 ಡಿಗ್ರಿ, ಮೆಟ್ರಿಕ್ ಎಳೆಯದು 60. ಐದೇ ಡಿಗ್ರಿಯ ಅಂತರ. ಆದರೆ ಒಂದು ಸುತ್ತು ಸಲೀಸಾಗಿ ಹೋದ ನಟ್ಟು ಎರಡನೆಯ ಸುತ್ತಿಗೆ ಜಗಳ ತೆಗೆಯುತ್ತದೆ. ನಮ್ಮ ದೇಶ 1956ರಲ್ಲೇ ಕಾಯಿದೆ ಮಾಡಿ ಮೆಟ್ರಿಕ್‌ಗೆ ಬಂತು. ಬಡಗಿಗಳ ಬಾಯಲ್ಲಿ ಮಾತ್ರ ಇವತ್ತಿಗೂ ಅಡಿ, ಇಂಚು, ನೂಲು.

ಬೇರಿಂಗುಗಳ ವಿಷಯದಲ್ಲಿ ಹೀಗಾಗಲಿಲ್ಲ. ಸೀಮೆಎಣ್ಣೆಯಲ್ಲಿ ತೊಳೆದು ಬೆಳಕಿಗೆ ಹಿಡಿದರೆ ಅಂಚಿನಲ್ಲಿ 6205 ಎಂದಿತ್ತು. ಕೊನೆಯ ಎರಡು ಅಂಕಿಯನ್ನು ಐದರಿಂದ ಗುಣಿಸಿದರೆ ಒಳತೂತಿನ ಅಳತೆ: 25 ಮಿಲಿಮೀಟರ್. ಹೊರಗಿನ ವ್ಯಾಸ 52, ದಪ್ಪ 15. ಅಂಗಡಿಯ ಹುಡುಗ ಮೊಬೈಲಿನಿಂದ ತಲೆಯನ್ನೂ ಎತ್ತದೆ ಕೈಚಾಚಿ ಒಂದು ಡಬ್ಬಿ ತೆಗೆದುಕೊಟ್ಟ. ಗೂಡಿನಲ್ಲಿ ಅದು ಟಪ್ಪೆಂದು ಕೂತಿತು. ಮದುವೆ ಬ್ರೋಕರುಗಳು ಈ ಪದ್ಧತಿಯನ್ನು ಒಮ್ಮೆ ಅಭ್ಯಾಸ ಮಾಡಬೇಕು.

ತುಕ್ಕಿಗೆ ಬಂದೆ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ನೀರು, ನೀರಿಗೆ ಬಟ್ಟೆ ಒಗೆಯುವ ಸೋಡ. ತುಕ್ಕಿನ ತುಂಡನ್ನು ಬ್ಯಾಟರಿ ಚಾರ್ಜರಿನ ಮೈನಸ್ಸಿಗೆ, ಒಂದು ಹಾಳು ಕಬ್ಬಿಣದ ಪಟ್ಟಿಯನ್ನು ಪ್ಲಸ್ಸಿಗೆ ಕಟ್ಟಿ, ಎರಡೂ ಒಂದಕ್ಕೊಂದು ತಾಕದಂತೆ ಇಳಿಬಿಟ್ಟರೆ ಸಣ್ಣಗೆ ಗುಳ್ಳೆ ಏಳುತ್ತದೆ. ಬೆಳಗಾಗುವಷ್ಟರಲ್ಲಿ ತುಕ್ಕು ಕಪ್ಪು ರಾಡಿಯಾಗಿ ಒರೆಸಿದರೆ ಬರುತ್ತದೆ. ಆ ಗುಳ್ಳೆ ಹೈಡ್ರೋಜನ್, ಆದ್ದರಿಂದ ಈ ಆಟ ಬಯಲಲ್ಲೇ ಆಗಬೇಕು. ಪ್ಲಸ್ಸಿಗೆ ಸ್ಟೀಲ್ ಚಮಚ ಕಟ್ಟಲೇಬಾರದು, ಅದರೊಳಗಿನ ಕ್ರೋಮಿಯಂ ನೀರಿಗಿಳಿದು ವಿಷವಾಗುತ್ತದೆ. ಹಿತ್ತಾಳೆಯ ಎಣ್ಣೆಬಟ್ಟಲುಗಳಿಗೆ ಇಷ್ಟೆಲ್ಲ ವಿಜ್ಞಾನ ಬೇಕಾಗಲಿಲ್ಲ. ನಮ್ಮವಳು ದೇವರ ಪಾತ್ರೆ ಬೆಳಗುತ್ತ ಕೂತಿದ್ದವಳು, “ಕೊಡಿ ಇಲ್ಲಿ” ಎಂದು ಅದೇ ಹುಣಸೆಹಣ್ಣಿನಲ್ಲಿ ಉಜ್ಜಿ ಕೊಟ್ಟಳು. ಆಮೇಲೆ ಅವು ಯಾವುದರ ಭಾಗ ಎಂದು ತಿಳಿದು ಕೈತೊಳೆದುಕೊಂಡು ಬಂದಳು.

ಬಣ್ಣ ಕೆರೆಯುವುದು ನಿಧಾನದ ಕೆಲಸ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಪುಡಿ ಹಾರಿಸಬಾರದು. ಒದ್ದೆ ಮಾಡಿಕೊಂಡೇ ಉಜ್ಜಬೇಕು. ಹಸಿರಿನ ಕೆಳಗೆ ಬೂದು ಬಣ್ಣ, ಬೂದಿನ ಕೆಳಗೆ ಇನ್ನೊಂದು ಹಸಿರು. ಸ್ವಿಚ್ಚಿನ ಪಕ್ಕ ಒಂದು ಕಡೆ ಮಾತ್ರ ಪದರಗಳ ನಡುವೆ ಕೆಂಪು, ಹಳದಿ. ಮೊದಲು ಅದನ್ನೂ ಬಣ್ಣವೆಂದೇ ತಿಳಿದೆ. ಉಗುರಿಗೆ ಹತ್ತಿದ ಪುಡಿಯನ್ನು ಮೂಸಿದಾಗ ಗೊತ್ತಾಯಿತು, ಅರಿಸಿನ ಕುಂಕುಮ. ವರ್ಷವರ್ಷದ ಆಯುಧಪೂಜೆಯ ಬೊಟ್ಟು, ಅದರ ಮೇಲೆ ಗ್ರೀಸು, ಗ್ರೀಸಿನ ಮೇಲೆ ಮರದ ಹೊಟ್ಟು, ಮತ್ತೆ ಬೊಟ್ಟು. ಅಷ್ಟನ್ನು ಕೆರೆಯಲು ಕೈ ಬರಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತದೆ. ನಿಜ ಹೇಳಬೇಕೆಂದರೆ ಕೆರೆದೆ. ಅದರ ಕೆಳಗೂ ತುಕ್ಕಿತ್ತು.

ಕಂಬದ ಬೆನ್ನಿನಲ್ಲಿ ಎರಕದಲ್ಲೇ ಉಬ್ಬಿಸಿದ ಅಕ್ಷರಗಳಿದ್ದವು. ಮರಗೆಲಸದ ಯಂತ್ರಗಳಿಗೆ ಹೆಸರಾದ ವಾಡ್ಕಿನ್ ಇಂಗ್ಲೆಂಡಿನ ಲೀಸ್ಟರ್ ಊರಿನದು. ಆ ಊರಿನ ಹೆಸರೇ ಸಿಗುತ್ತದೆಂದು ಎದೆ ಡವಗುಟ್ಟುತ್ತಿತ್ತು. ಒಂದು ‘ಎ’, ಒಂದು ‘ಟಿ’, ಇನ್ನೊಂದು ‘ಎ’. ಲೀಸ್ಟರಿನಲ್ಲಿ ‘ಎ’ ಎಲ್ಲಿಂದ ಬರಬೇಕು? ಪೂರಾ ಉಜ್ಜಿದ ಮೇಲೆ ಓದಿದೆ: ಬಟಾಲ. ಪಂಜಾಬಿನ ಬಟಾಲ! ಎರಕದ ಕೆಲಸಕ್ಕೆ, ಯಂತ್ರಗಳಿಗೆ ಹೆಸರಾದ ಊರು. ಅರ್ಧ ದಿನ ಮಂಕಾಗಿ ಕೂತೆ. ಆಮೇಲೆ ನನ್ನ ಮೇಲೇ ನಗು ಬಂತು. ಲೀಸ್ಟರಿನ ಹೆಸರಿಗೆ ಕೊಟ್ಟ ಗೌರವವನ್ನು ಬಟಾಲದ ಕಬ್ಬಿಣಕ್ಕೆ ಕೊಡಬಾರದು ಅಂತ ಯಾವ ನ್ಯಾಯ? ಮೇಜಿನ ಮೇಲೆ ಮಟ್ಟಗೋಲು ಇಟ್ಟು ಕೆಳಗೆ ಕಾಗದ ತೂರಿಸಿ ನೋಡಿದೆ, ಎಲ್ಲೂ ತೂರಲಿಲ್ಲ.

ಮೋಟಾರು ನಮ್ಮೂರ ಕಡೆಯದೇ, ಎನ್‌ಜಿಇಎಫ್. ಜರ್ಮನಿಯ ಎಇಜಿ ಜೊತೆಗೂಡಿ ಬೆಂಗಳೂರಿನ ಬೈಯಪ್ಪನಹಳ್ಳಿಯಲ್ಲಿ ನಡೆಯುತ್ತಿದ್ದ ಸರ್ಕಾರಿ ಕಾರ್ಖಾನೆ. ಈಗಿನ ಹುಡುಗರಿಗೆ ಬೈಯಪ್ಪನಹಳ್ಳಿ ಎಂದರೆ ಮೆಟ್ರೊ. ಮೋಟಾರು ತ್ರೀ ಫೇಸ್, ನಮ್ಮ ಮನೆ ಸಿಂಗಲ್ ಫೇಸ್. ರೀವೈಂಡಿಂಗ್ ಅಂಗಡಿಯವರು ಒಳಗಿನ ಸ್ಟಾರ್ ಜೋಡಣೆಯನ್ನು ಡೆಲ್ಟಾ ಮಾಡಿ, ಒಂದರಿಂದ ಮೂರು ಫೇಸ್ ಮಾಡಿಕೊಡುವ ಡ್ರೈವ್ ಪೆಟ್ಟಿಗೆ ಹಾಕಿಸಿದರು. ಪೆಟ್ಟಿಗೆಯ ಬೆಲೆ ಯಂತ್ರದ ಬೆಲೆಗಿಂತ ಹೆಚ್ಚು. ಇದನ್ನು ನೀವು ನಮ್ಮ ಮನೆಯಲ್ಲಿ ಹೇಳಬಾರದು.

ಚಿಕ್ಕಂದಿನಲ್ಲಿ ಹಿಟ್ಟಿನ ಮಿಲ್ಲಿನಲ್ಲಿ ರಾಗಿ ಡಬ್ಬಿ ಹಿಡಿದು ನಿಂತಾಗ ನನಗೊಂದು ಪ್ರಶ್ನೆಯಿತ್ತು. ಅಷ್ಟುದ್ದದ ಚಪ್ಪಟೆ ಬೆಲ್ಟು ಚಕ್ರದಿಂದ ಯಾಕೆ ಜಾರಿ ಬೀಳುವುದಿಲ್ಲ? ಉತ್ತರ ಸಿಕ್ಕಿದ್ದು ಈ ಕೊಟ್ಟಿಗೆಯಲ್ಲಿ. ಚಕ್ರದ ಮೈ ಸಪಾಟಲ್ಲ, ನಡುವೆ ಕೂದಲೆಳೆಯಷ್ಟು ಉಬ್ಬಿರುತ್ತದೆ. ಉಬ್ಬಿದರೆ ಜಾರಬೇಕಲ್ಲವೇ? ಇಲ್ಲ, ಬಿಗಿಯಾಗಿ ಓಡುವ ಪಟ್ಟಿ ತಾನಾಗಿ ಎತ್ತರದ ಕಡೆಗೇ ಹತ್ತುತ್ತದೆ. ಬ್ಯಾಂಡ್ ಸಾ ಅಲಗು ನಿಲ್ಲುವುದೂ ಇದೇ ಉಬ್ಬಿನ ಮೇಲೆ. 1808ರಲ್ಲೇ ವಿಲಿಯಂ ನ್ಯೂಬೆರಿ ಎಂಬುವನು ಇಂಗ್ಲೆಂಡಿನಲ್ಲಿ ಈ ಯಂತ್ರಕ್ಕೆ ಪೇಟೆಂಟ್ ಪಡೆದ. ಆದರೆ ಅಲಗಿನ ಎರಡು ತುದಿ ಸೇರಿಸಿದ ಬೆಸುಗೆ ಬಾಗಿ ಬಾಗಿ ತುಂಡಾಗುತ್ತಿತ್ತು. 1846ರಲ್ಲಿ ಫ್ರಾನ್ಸಿನ ಆನ್ ಪೋಲಿನ್ ಕ್ರೆಪೆನ್ ಎಂಬ ಹೆಂಗಸು ಗಟ್ಟಿ ಬೆಸುಗೆಯ ದಾರಿ ಕಂಡುಹಿಡಿದ ಮೇಲೆಯೇ ಅದು ನಿಜವಾಗಿ ಓಡಿದ್ದು.

ನಮ್ಮದೂ ಓಡಿತು. 1440 ಸುತ್ತಿನ ಮೋಟಾರಿಗೆ ಮೂರಿಂಚು ಪುಲ್ಲಿ, ಯಂತ್ರಕ್ಕೆ ಆರಿಂಚು. ಹದಿನೆಂಟಿಂಚು ಚಕ್ರದ ಮೇಲೆ ಅಲಗು ನಿಂತಲ್ಲೇ ನಿಮಿಷಕ್ಕೊಂದು ಕಿಲೋಮೀಟರ್ ಓಡುತ್ತದೆ. ಹಲಸಿನ ತುಂಡೊಂದನ್ನು ಒಡ್ಡಿದೆ. ಬೆಣ್ಣೆ ಎನ್ನಲಾರೆ, ಕೊಬ್ಬರಿ ಕೊಯ್ದ ಹಾಗೆ ಕೊಯ್ಯಿತು. ಹಳದಿ ಹೊಟ್ಟು ಅಂಗಿಯ ಮೇಲೆಲ್ಲ ಕೂತಿತು. ಆದರೆ ಹಲಗೆ ಇನ್ನೂ ಹಸಿ, ಒಣಗುವವರೆಗೆ ಮಣೆ ಮಾಡುವಂತಿಲ್ಲ.

ಅಷ್ಟರಲ್ಲಿ ಆಯುಧಪೂಜೆ ಬಂತು. ನಮ್ಮವಳು ಅರಿಸಿನ ಕುಂಕುಮದ ಬಟ್ಟಲು ಹಿಡಿದು ಕೊಟ್ಟಿಗೆಗೆ ಬಂದಳು. ಕಂಕುಳಲ್ಲಿ ಸೀಳುಬಿಟ್ಟ ಅದೇ ಈಳಿಗೆಮಣೆ. ಅದನ್ನು ಯಂತ್ರದ ಮೇಜಿನ ಮೇಲಿಟ್ಟು ಬೊಟ್ಟಿಟ್ಟಳು. ಆಮೇಲೆ ಸ್ವಿಚ್ಚಿನ ಪಕ್ಕಕ್ಕೆ, ನನ್ನ ಹೊಸ ಹಸಿರಿನ ಮೇಲೆ, ಮೂರು ಬೆರಳಲ್ಲಿ ಉದ್ದಕ್ಕೆ ಎಳೆಯಹೊರಟಳು.

“ಬಣ್ಣ ಹಾಳಾಗತ್ತೆ ಕಣೇ” ಎಂದೆ.

“ಆಗ್ಲಿ ಬಿಡಿ. ಮಣೆ ಆಗ್ಲಿಲ್ವಲ್ಲ, ಇದಾದ್ರೂ ಆಗ್ಲಿ” ಎಂದಳು.